ಸೋದರಮಾವನ ಮನೆಗೆ ಬರಬೇಕಿದ್ದ ಹುಡುಗಿ

ನಮ್ಮ ಕಡೆ ಹೊಸಬರು ಎದುರಾದರೆ ಮೊದಲು ಹೆಸರು ಕೇಳುವುದಿಲ್ಲ. ಯಾವ ಊರು, ಅಲ್ಲಿ ಯಾರ ಮನೆ, ತಾಯಿಯ ತವರು ಎಲ್ಲಿ ಎಂದು ಕೇಳುತ್ತೇವೆ. ಅಷ್ಟರೊಳಗೆ ಇಬ್ಬರಿಗೂ ಪರಿಚಯವಿರುವ ಒಬ್ಬ ನೆಂಟ ಸಿಕ್ಕೇ ಸಿಗುತ್ತಾನೆ. ಮಾನಸಿಕ ಆರೋಗ್ಯದ ಸಮಾಲೋಚಕಿಯಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಸರದಿಯ ಮೇಲೆ ಸುತ್ತುವ ನಾನು, ಕೆಲಸಕ್ಕೆ ಸೇರಿದ ಮೇಲೆ ಕಷ್ಟಪಟ್ಟು ಬಿಟ್ಟ ಚಟ ಇದೊಂದೇ. ಬನವಾಸಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಸುಲಭವಾಗಿರಲಿಲ್ಲ. ಎದುರಿಗೆ ಕೂತವರು ಅಳುತ್ತಿದ್ದರೂ ನಾಲಗೆಯ ತುದಿಯಲ್ಲಿ 'ನಿಮ್ದು ಯಾವ ಪೈಕಿ ಆತು?' ಎಂಬುದು ಬಂದು ನಿಂತಿರುತ್ತಿತ್ತು.

ಅಂದು ಸಿದ್ದಾಪುರದ ಆಸ್ಪತ್ರೆಯ ಸರದಿ. ಮಧ್ಯಾಹ್ನದ ಊಟಕ್ಕೆ ಏಳಬೇಕು ಎನ್ನುವಾಗ ಒಬ್ಬ ಬಂದ. ಮೂವತ್ತು ದಾಟಿದ ವಯಸ್ಸು, ಇಸ್ತ್ರಿ ಹಾಕಿದ ಅಂಗಿ, ಬೆರಳ ಸಂದಿಗಳಲ್ಲಿ ವಾರ್ನಿಷಿನ ಕಂದು ಕಲೆ. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ತಂತಿ ಬಿಚ್ಚಿ ಹೊಸದಾಗಿ ಸುತ್ತುವ ಕೆಲಸ ತನ್ನದು ಎಂದ. ಅಂಗಡಿ ಇದ್ದದ್ದು ಶಿರಸಿಯಲ್ಲಿ.

"ಶಿರಸೀಲೂ ನಾ ಬರ್ತೀನಲ್ರಿ. ಇಲ್ಲಿ ತನಕ ಯಾಕ ಬಂದ್ರಿ?" ಎಂದೆ.

"ಅಲ್ಲಿ ಚೀಟಿ ಬರೆಯೋರು ನಮ್ಮನೆ ಪೈಕಿ ಮೇಡಂ."

ಈ ಉತ್ತರ ನನಗೆ ಹೊಸದಲ್ಲ. ನಿದ್ದೆಗುಳಿಗೆ ಬೇಕಾದವರೂ ಪಕ್ಕದ ತಾಲ್ಲೂಕಿಗೆ ಬಸ್ಸು ಹತ್ತುವ ಸೀಮೆ ನಮ್ಮದು. ಮಾತು ಶುರುಮಾಡುವ ಮುಂಚೆ ಎಲ್ಲರಿಗೂ ಹೇಳುವುದನ್ನೇ ಆತನಿಗೂ ಹೇಳಿದೆ. ಇಲ್ಲಿ ಆಡಿದ್ದು ಈ ಕೋಣೆಯಿಂದ ಆಚೆ ಹೋಗುವುದಿಲ್ಲ. ಆದರೆ ನಿಮ್ಮ ಜೀವಕ್ಕೆ, ಇಲ್ಲವೇ ಬೇರೊಬ್ಬರಿಗೆ, ಅದರಲ್ಲೂ ಮಕ್ಕಳಿಗೆ ಅಪಾಯವಿದೆ ಎಂದು ನನಗನಿಸಿದರೆ ತಿಳಿಸಬೇಕಾದವರಿಗೆ ತಿಳಿಸುತ್ತೇನೆ. ಜನ ಸಾಮಾನ್ಯವಾಗಿ ಈ ಮಾತನ್ನು ಬಸ್ಸಿನ ಟಿಕೆಟ್ಟಿನ ಹಿಂಬದಿ ಓದುವಷ್ಟೇ ಗಮನದಿಂದ ಕೇಳುತ್ತಾರೆ. ಆತ ಮಾತ್ರ ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ತಲೆಯಾಡಿಸಿ, ಮೇಜಿನ ಅಂಚನ್ನೇ ನೋಡುತ್ತಾ, ಅಷ್ಟು ದೂರ ಹೊತ್ತು ತಂದ ವಿಷಯವನ್ನು ಇಳಿಸಿದ.

ತನಗೆ ದೊಡ್ಡವರ ಮೇಲೆ ಹುಟ್ಟಬೇಕಾದ ಆಸೆ ಮಕ್ಕಳ ಮೇಲೆ ಹುಟ್ಟುತ್ತದೆ. ಹದಿಹರೆಯದಿಂದಲೂ ಹೀಗೆಯೇ. ಯಾವ ಮಗುವಿಗೂ ತಾನು ಏನೂ ಮಾಡಿಲ್ಲ. ಫೋನಿನಲ್ಲಿ ಅಂಥದ್ದನ್ನು ಹುಡುಕಿಯೂ ಇಲ್ಲ. ಮದುವೆ ಬೇಡವೆಂದದ್ದು ಇದಕ್ಕೇ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಆತನ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನನಗೆ ಹೇಸಿಗೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನ್ನ ತಂಗಿಯ ಮಗಳ ಮುಖ ಕಣ್ಣೆದುರು ಬಂತು, ಕುರ್ಚಿಯನ್ನು ಹಿಂದಕ್ಕೆ ಸರಿಸಬೇಕೆನಿಸಿತು. ಸರಿಸಲಿಲ್ಲ. ಕುಡುಕರನ್ನು, ಹೆಂಡತಿಗೆ ಹೊಡೆದು ಬಂದವರನ್ನು, ಕೀಟನಾಶಕ ಕುಡಿದು ಬದುಕಿದವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ ನನಗೆ ಅಂದು ಮುಂದಿನ ಪ್ರಶ್ನೆ ಏನೆಂದೇ ಹೊಳೆಯಲಿಲ್ಲ. ಕಡೆಗೆ ನಾವು ತರಬೇತಿಯಲ್ಲಿ ಮೊದಲು ಕಲಿಯುವ ಪ್ರಶ್ನೆಯನ್ನೇ ಕೇಳಿದೆ.

"ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲ. ಈಗ ಯಾಕ ಬಂದ್ರಿ?"

"ನನ್ನ ಅಕ್ಕನ ಮಗಳು ಏಳನೇತ್ತೆ ಮುಗಿಸಿದ್ದಾಳೆ ಮೇಡಂ. ಹೈಸ್ಕೂಲಿಗೆ ನಮ್ಮನೇಲಿ ಉಳೀಲಿಕ್ಕೆ ಬರ್ತಾಳೆ."

ಹೊರಗಿನವರಿಗೆ ಈ ಮಾತಿನ ತೂಕ ತಿಳಿಯಲಿಕ್ಕಿಲ್ಲ. ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಮನೆಗೊಂದು ಗುಡ್ಡ. ಏಳನೆಯ ತರಗತಿಯವರೆಗೆ ಹತ್ತಿರದಲ್ಲೊಂದು ಶಾಲೆ ಇರುತ್ತದೆ, ಆಮೇಲೆ ಬಸ್ಸಿಲ್ಲ. ಹೈಸ್ಕೂಲಿನ ಮಕ್ಕಳು ಪೇಟೆಯ ನೆಂಟರ ಮನೆಯಲ್ಲಿ ಉಳಿದು ಓದುವುದು ಅಜ್ಜಂದಿರ ಕಾಲದಿಂದ ನಡೆದುಬಂದ ವಾಡಿಕೆ. ಅದರಲ್ಲೂ ಸೋದರಮಾವನ ಮನೆ ಇದ್ದರೆ ಕೇಳುವ ಪ್ರಶ್ನೆಯೇ ಇಲ್ಲ. ಆತನ ಅಕ್ಕ ಇದ್ದದ್ದು ಯಲ್ಲಾಪುರ ತಾಲ್ಲೂಕಿನಲ್ಲಿ, ಉಮ್ಮಚಗಿಯಿಂದ ಇನ್ನೂ ಒಳಗೆ. ಆತ ಮತ್ತು ತಾಯಿ ಶಿರಸಿಯ ಓಣಿಯೊಂದರಲ್ಲಿ ಎರಡು ಕೋಣೆಯ ಮನೆಯಲ್ಲಿದ್ದರು. ಹೈಸ್ಕೂಲು ಅಲ್ಲಿಂದ ಕೂಗಳತೆ. ಮೊಮ್ಮಗಳು ಬರಲಿ ಎಂದು ತಾಯಿ ಮಾತು ಕೊಟ್ಟಾಗಿತ್ತು.

"ಅವಳು ನಮ್ಮನೆಗೆ ಬರಬಾರ್ದು. ಆದ್ರೆ ಬರಬೇಡ ಅನ್ಲಿಕ್ಕೆ ನನ್ನತ್ರ ಒಂದೂ ಕಾರಣ ಇಲ್ಲ. ನೀವೊಂದು ಕಾರಣ ಹುಡುಕಿ ಕೊಡಿ ಮೇಡಂ" ಎಂದ.

ಆತ ಹೋದ ಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದೆ. ಊಟ ಸೇರಲಿಲ್ಲ. ನಮ್ಮ ಮೂರೂ ತಾಲ್ಲೂಕಿಗೆ ತಿಂಗಳಿಗೊಮ್ಮೆ ಬರುವ ಮನೋವೈದ್ಯರಿಗೆ ಫೋನು ಮಾಡಿದೆ. ನಿವೃತ್ತಿಗೆ ಹತ್ತಿರವಿದ್ದ, ಮಾತು ಕಡಿಮೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡು, "ಆಸೆ ಇದೆ ಅಂತ ಯಾರನ್ನೂ ಪೊಲೀಸರಿಗೆ ಒಪ್ಪಿಸುವುದಕ್ಕೆ ಆಗುವುದಿಲ್ಲ. ಆದರೆ ಅಪರಾಧ ನಡೆಯಬಹುದು ಅನ್ನುವ ಶಂಕೆ ಇದ್ದರೂ ತಿಳಿಸಿ ಅನ್ನುತ್ತದೆ ಮಕ್ಕಳ ಕಾನೂನು. ಆ ಹುಡುಗಿ ಆ ಮನೆಯಲ್ಲಿ ಮಲಗುವ ದಿನಕ್ಕೆ ಮುಂಚೆ, ಅವಳ ಜವಾಬ್ದಾರಿ ಇರುವ ದೊಡ್ಡವರೊಬ್ಬರಿಗೆ ವಿಷಯ ಗೊತ್ತಿರಬೇಕು, ಇಲ್ಲವೇ ಅವಳು ಅಲ್ಲಿಗೆ ಬರಬಾರದು. ಎರಡೂ ಆಗದಿದ್ದರೆ ಮಕ್ಕಳ ರಕ್ಷಣಾ ಘಟಕಕ್ಕೆ ನಾನೇ ಬರೆಯುತ್ತೇನೆ" ಎಂದರು. ಶಾಲೆ ತೆರೆಯುವುದು ನಮ್ಮ ಗಡುವಾಯಿತು.

ಅದೇ ವಾರ ಶಿರಸಿಯಲ್ಲಿ ಒಂದು ಮೆರವಣಿಗೆ ಇತ್ತು. ಬೇರೆ ಯಾವುದೋ ಜಿಲ್ಲೆಯಲ್ಲಿ ಮಗುವಿನ ಮೇಲೆ ನಡೆದ ದೌರ್ಜನ್ಯದ ಸುದ್ದಿ ಎಲ್ಲರ ಫೋನಿನಲ್ಲೂ ಹರಿದಾಡುತ್ತಿತ್ತು. ಮಹಿಳಾ ಸಂಘಟನೆಯಲ್ಲಿರುವ ನನ್ನ ಗೆಳತಿಯೊಬ್ಬಳು ಮುಂದಾಳು. ಅವಳ ಜೊತೆ ನಾನೂ ಬ್ಯಾನರಿನ ಒಂದು ತುದಿ ಹಿಡಿದು ನಡೆದೆ. ನಮ್ಮ ಹಿಂದಿದ್ದವರು ಗಲ್ಲಿಗೇರಿಸಿ ಎನ್ನುತ್ತಿದ್ದರು, ಗಲ್ಲು ಬೇಡ ಜನರ ಕೈಗೆ ಕೊಡಿ ಎನ್ನುವವರೂ ಇದ್ದರು. ಆ ಸಿಟ್ಟು ನನಗೂ ಇತ್ತು, ಈಗಲೂ ಇದೆ. ಮೆರವಣಿಗೆ ಮುಗಿದು ಚಹಾ ಕುಡಿಯುವಾಗ ಗೆಳತಿಯನ್ನು ಕೇಳಿದೆ.

"ಏನೂ ಮಾಡೋಕ್ಕಿಂತ ಮುಂಚೇನೇ ಒಬ್ಬ ಬಂದು, ನಂಗೆ ಹಿಂಗ ಆಗ್ತದ, ತಡೀರಿ ಅಂದ್ರ ಏನ್ ಮಾಡ್ಬೇಕ?"

"ಅಂಥೋರು ಬರೂದಿಲ್ಲ ಬಿಡೆ. ಬಂದ್ರೂ ಅವ್ರ ಹತ್ರ ಎಂತ ಮಾತು?"

"ಬಂದ್ರ?"

"ನೀ ಆಸ್ಪತ್ರೇಲಿ ಕೂತು ಕೂತು ಮೆತ್ತಗಾಗಿದ್ದಿ. ಅವರಿಗೆ ಔಷಧಿ ಕೊಡ್ಬೇಕು ಅಂತ ಮೈಕಿನಲ್ಲಿ ಹೇಳು ನೋಡ್ವ, ಇದೇ ಜನ ನಿನ್ನನ್ನೇ ಹಿಡ್ಕೊಂಡು ಹೊಡೀತ್ರು."

ಅವಳು ಹೇಳಿದ್ದು ಸುಳ್ಳಲ್ಲ. ನಾವು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತೇವೆ: ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ ಕೂಗಿ, ಓಡಿ, ನಂಬಿದವರಿಗೆ ಹೇಳಿ. ಅಂದರೆ ತಡೆಯುವ ಕೆಲಸವನ್ನು ಪೂರ್ತಿ ಆ ಪುಟ್ಟ ಹೆಗಲಿಗೇ ಹೊರಿಸಿದ್ದೇವೆ. ದೊಡ್ಡವನೊಬ್ಬ ತನ್ನನ್ನು ತಾನೇ ತಡೆದುಕೊಳ್ಳಲು ಎಲ್ಲಿಗೆ ಹೋಗಬೇಕೆಂದು ನಾವು ಯಾವ ಗೋಡೆಯ ಮೇಲೂ ಬರೆದಿಲ್ಲ.

ಮುಂದಿನ ದಿನಗಳಲ್ಲಿ ಓದಲು ಕೂತೆ. ಹೊರದೇಶಗಳಲ್ಲಿ ಇಂಥವರು ತಪ್ಪು ಮಾಡುವುದಕ್ಕೆ ಮೊದಲೇ ಬಂದು ನೆರವು ಪಡೆಯುವ ಚಿಕಿತ್ಸಾಲಯಗಳಿವೆ, ಅವುಗಳ ಬಗ್ಗೆ ಸಂಶೋಧನೆಗಳೂ ಇವೆ. ಎಷ್ಟರ ಮಟ್ಟಿಗೆ ಫಲ ಸಿಗುತ್ತದೆ ಎಂಬುದರ ಬಗ್ಗೆ ಬರೆದವರಲ್ಲೇ ಒಮ್ಮತವಿಲ್ಲ. ಆಸೆ ಇದ್ದವರೆಲ್ಲ ಅಪರಾಧ ಮಾಡುವುದಿಲ್ಲ, ಅಪರಾಧ ಮಾಡಿದವರೆಲ್ಲರಿಗೂ ಈ ಆಸೆ ಇರುವುದಿಲ್ಲ ಎಂಬಷ್ಟು ಮಾತ್ರ ನನಗೆ ಗಟ್ಟಿಯಾಗಿ ದಕ್ಕಿತು. ಹುಡುಕುತ್ತಾ ಹೋದಂತೆ ಇನ್ನೊಂದು ಬಗೆಯ ಬರಹವೂ ಎದುರಾಯಿತು. ಇದೂ ಒಂದು ಒಲವು, ಸಮಾಜ ಒಪ್ಪಿಕೊಳ್ಳಬೇಕು, ಮಕ್ಕಳಿಗೂ ಇಷ್ಟವಿರಬಹುದು ಎಂದು ನಯವಾಗಿ ವಾದಿಸುವವರದು. ಅದನ್ನು ಓದಿ ಮೈ ಉರಿಯಿತು. ಮಗುವಿಗೆ ಒಪ್ಪುವ ಶಕ್ತಿಯೇ ಇರುವುದಿಲ್ಲ, ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಮುಂದಿನ ಭೇಟಿಯಲ್ಲಿ ಆತನನ್ನು ನೇರವಾಗಿ ಕೇಳಿದೆ, ಇಂಥ ಗುಂಪುಗಳನ್ನು ನೋಡಿದ್ದೀರಾ ಎಂದು.

"ಒಂದ್ಸಲ ನೋಡಿದ್ದೆ" ಎಂದ. "ನಂಗೆ ಎಂತ ಕೇಳ್ಬೇಕು ಅಂತಿತ್ತೋ ಅದನ್ನೇ ಹೇಳ್ತಿದ್ರು. ಅದಕ್ಕೇ ಹೆದರಿಕೆ ಆಯ್ತು. ಮತ್ತೆ ಆ ಬದಿಗೆ ಹೋಗ್ಲಿಲ್ಲ."

ಆತನ ಮೇಲೆ ನನಗೆ ಮೊದಲ ಸಲ ಸ್ವಲ್ಪ ನಂಬಿಕೆ ಹುಟ್ಟಿದ್ದು ಆಗ. ಪೂರ್ತಿ ನಂಬುವುದು ನನ್ನ ಕೆಲಸವಲ್ಲ. ನಾವು ಕಟ್ಟಿದ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿರಬಾರದು ಎಂದು ವೈದ್ಯರು ಮತ್ತೆ ಮತ್ತೆ ಹೇಳುತ್ತಿದ್ದರು. ವೈದ್ಯರು ಆತನನ್ನು ನೋಡಿದ ಮೇಲೆ ಖಿನ್ನತೆಗೆ ಮಾತ್ರೆ ಶುರುವಾಯಿತು. ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ತಾನು ಮಕ್ಕಳ ಜೊತೆ ಒಬ್ಬನೇ ಇರುವ ಸಂದರ್ಭ ಬರುತ್ತದೆಂದು ಆತ ತನ್ನ ಇಡೀ ದಿನವನ್ನು ಬಿಡಿಸಿ ಹೇಳಬೇಕಿತ್ತು. ಒಂದೊಂದನ್ನಾಗಿ ನಾವು ಮುಚ್ಚುತ್ತಾ ಹೋಗಬೇಕಿತ್ತು. ಗಣಪತಿ ಹಬ್ಬಕ್ಕೆ ಓಣಿಯ ಹುಡುಗರನ್ನು ಕಟ್ಟಿಕೊಂಡು ದೀಪದ ಸರ ಹಾಕುತ್ತಿದ್ದನಂತೆ, ಅದನ್ನು ಬಿಡುತ್ತೇನೆ ಎಂದು ತಾನೇ ಹೇಳಿದ. ಅಂಗಡಿಯ ಬಾಗಿಲು ಸದಾ ತೆರೆದಿರಬೇಕು, ಬೀದಿಗೆ ಮುಖ ಮಾಡಿ ಕೂರಬೇಕು. ಸುಟ್ಟ ಮೋಟಾರಿನ ತಂತಿ ಎಲ್ಲಿ ತುಂಡಾಗಿದೆ ಎಂದು ಹುಡುಕಿ ರೂಢಿಯಾದವನಾದ್ದರಿಂದಲೋ ಏನೋ, ಈ ಕೆಲಸವನ್ನು ಆತ ಶ್ರದ್ಧೆಯಿಂದ ಮಾಡಿದ.

ಮುಚ್ಚಲಾಗದೆ ಉಳಿದದ್ದು ಮನೆಯ ಬಾಗಿಲು ಒಂದೇ.

ಕಾರಣ ಹುಡುಕುವ ಕೆಲಸ ಶುರುವಾಯಿತು. ಮೊದಲು ಜಾಗವಿಲ್ಲ ಎಂದು ಹೇಳಿಸಿದೆ. ಒಳಕೋಣೆಯ ತುಂಬ ಮೋಟಾರು, ತಾಮ್ರದ ತಂತಿ. ಹುಡುಗಿಗೆ ಓದಲು ಎಲ್ಲಿ ಕೂರಿಸುವುದು? ಮುಂದಿನ ವಾರ ಆತ ಬಂದು ಹೇಳಿದ: ಭಾವ ಊರಿಂದ ಇಬ್ಬರು ಆಳುಗಳನ್ನು ಕರೆತಂದು, ಹಿತ್ತಲಲ್ಲಿ ತಗಡಿನ ಮಾಡು ಎಬ್ಬಿಸಿ, ಮೋಟಾರುಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಒಳಕೋಣೆಗೆ ಸುಣ್ಣ ಬಳಿಸಿ ಹೋದನಂತೆ. ಆಮೇಲೆ ತಾಯಿಯ ಮಂಡಿನೋವಿನ ನೆಪ ಹೂಡಿದೆವು. ಹಾಗಾದರೆ ಕೈಯಾಸರೆಗೆ ಹುಡುಗಿ ಇರಲೇಬೇಕು ಎಂದಾಯಿತು. ನಾನು ಅಂಗಡಿಯಲ್ಲೇ ಮಲಗುತ್ತೇನೆ, ಕೆಲಸ ಜಾಸ್ತಿ ಇದೆ ಎಂದು ನೋಡಿದ. ತಾಯಿ ಕೊಟ್ಟ ಉತ್ತರವನ್ನು ಅವರ ಮನೆಮಾತಿನಲ್ಲೇ ಹೇಳಿದ, ಅದರಲ್ಲಿ ಕೂಸು ಎಂದರೆ ಹುಡುಗಿ.

"'ಮಲಗು ತಮಾ, ಅಡ್ಡಿಲ್ಲೆ, ಬುತ್ತಿ ಕೂಸಿನ ಕೈಲಿ ಕಳಿಸ್ತೆ' ಅಂತು ಆಯಿ."

ಅತ್ತ ನಾವು ಒಂದು ಕಲ್ಲು ಅಡ್ಡ ಇಟ್ಟರೆ ಇತ್ತ ನಾಲ್ಕು ಕೈ ಸೇರಿ ಅದನ್ನು ಎತ್ತಿ ಬದಿಗಿಡುತ್ತಿದ್ದವು. ಎಲ್ಲವೂ ಪ್ರೀತಿಯಿಂದಲೇ. ನಾನು ಇದೇ ಸೀಮೆಯವಳಾಗಿಯೂ ಲೆಕ್ಕ ತಪ್ಪಿದ್ದೆ. ಇಲ್ಲಿ ಕಷ್ಟ ಹೇಳಿಕೊಂಡರೆ ಜನ ಹಿಂದೆ ಸರಿಯುವುದಿಲ್ಲ, ಕೆಲಸದ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಹಾಯಕ್ಕೆ ಬರುತ್ತಾರೆ.

ನನ್ನ ಕಡೆಯ ಉಪಾಯ ಹಾಸ್ಟೆಲ್. ಶಿರಸಿಯಲ್ಲಿ ಸರ್ಕಾರದ ಬಾಲಕಿಯರ ಹಾಸ್ಟೆಲಿನಲ್ಲಿ ಜಾಗವಿತ್ತು, ವಾರ್ಡನ್ ನನಗೆ ಪರಿಚಯದವರು. ಓದಿಗೆ ಒಳ್ಳೆಯದು, ಓರಗೆಯವರು ಇರುತ್ತಾರೆ ಎಂದು ಆತ ಮನೆಯಲ್ಲಿ ಹೇಳಿದ. ತಾಯಿ ಎರಡು ಹೊತ್ತು ಊಟ ಬಿಟ್ಟರು. 'ಸೋದರಮಾವ ಗಟ್ಟಿಮುಟ್ಟಾಗಿ ಇಪ್ಪಕಾರೆ ಕೂಸು ಹಾಸ್ಟೆಲ್ಲಿಗಾ? ಊರವು ಎಂತ ಹೇಳ್ತ?' ಎಂದು ಅತ್ತರಂತೆ. ಅಕ್ಕ ಫೋನಿನಲ್ಲಿ, 'ನಿಂಗೆ ಎನ್ನ ಕೂಸು ಭಾರ ಆತು ಹೇಳಿ ಬಾಯಿಬಿಟ್ಟು ಹೇಳು ತಮಾ' ಎಂದಳಂತೆ.

"ನಾನೇ ಇಲ್ಲದಂತಾದ್ರೆ ಎಲ್ಲಾ ಸರಿ ಆಗ್ತದೆ ಮೇಡಂ" ಎಂದ ಕೊನೆಗೆ.

ಇಂಥ ಮಾತನ್ನು ನಾವು ಎಂದೂ ಮಾತಿಗೆಂದು ಬಿಟ್ಟುಬಿಡುವುದಿಲ್ಲ. ಅಂದು ಬೇರೆ ಯಾರನ್ನೂ ನೋಡಲಿಲ್ಲ. ಆತ್ಮಹತ್ಯೆಯ ಯೋಚನೆ ಎಲ್ಲಿಯವರೆಗೆ ಹೋಗಿದೆ, ಹೇಗೆ, ಯಾವಾಗ ಎಂದೆಲ್ಲ ಕೇಳಿ, ವೈದ್ಯರ ಜೊತೆ ಮಾತಾಡಿಸಿ, ಮಾತ್ರೆ ಬದಲಿಸಿ, ದಿನಾ ಬೆಳಗ್ಗೆ ಫೋನು ಮಾಡುವ ಕರಾರಾಯಿತು. ಅದು ಮುಗಿದ ಮೇಲೆ ನಾನು ಅಷ್ಟು ದಿನ ಆತನ ಜೊತೆ ಸೇರಿ ತಪ್ಪಿಸಿಕೊಳ್ಳುತ್ತಿದ್ದ ಮಾತನ್ನು ಆಡಿದೆ.

"ನೋಡ್ರಿ, ಸುಳ್ಳು ಕಾರಣ ಯಾವ್ದೂ ನಿಲ್ಲೂದಿಲ್ಲ. ಆ ಹುಡುಗಿ ತಾಯಿಗೆ ನಿಜ ಗೊತ್ತಾಗ್ಬೇಕು. ನೀವು ಹೇಳ್ತೀರೋ, ನಾ ಹೇಳ್ಲೋ, ಇಲ್ಲಾ ಕಾನೂನಿನ ದಾರಿಯಿಂದ ಗೊತ್ತಾಗ್ಲೋ? ಇವು ಮೂರೇ ಉಳಿದಾವ."

"ಅಕ್ಕಂಗೆ ಹೇಳಿದ್ರೆ ನನಗೆ ಅಕ್ಕ ಇರೂದಿಲ್ಲ."

"ಇರ್ಲಿಕ್ಕಿಲ್ಲ. ನಾ ಸುಳ್ಳು ಧೈರ್ಯ ಹೇಳೂದಿಲ್ಲ."

ಆತ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೊರಗೆ ಬಸ್ಸು ಹೊರಡುವ ಗದ್ದಲ. ತಿರುಗಿ ಬಂದು ಕೂತು, "ನಾನೇ ಹೇಳ್ತೆ. ಇಲ್ಲಿ, ನಿಮ್ಮೆದುರಿಗೆ" ಎಂದ. ಆ ನಿರ್ಧಾರ ಆತನದೇ ಆಗಿತ್ತು ಎಂಬುದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ನಾನು ಬಾಗಿಲು ತೋರಿಸಿದ್ದೆ, ನೂಕಿದ್ದೆ ಎಂದರೂ ಸರಿ. ಒಳಗೆ ಕಾಲಿಟ್ಟವನು ಅವನು.

ಡಾಕ್ಟರು ಮನೆಯವರೊಬ್ಬರನ್ನು ಕರೆತರಲು ಹೇಳಿದ್ದಾರೆ ಎಂದಷ್ಟೇ ಅಕ್ಕನಿಗೆ ತಿಳಿಸಿದ್ದ. ಆಕೆ ನಸುಕಿಗೇ ಹೊರಟು, ಎರಡು ಬಸ್ಸು ಬದಲಿಸಿ ಸಿದ್ದಾಪುರಕ್ಕೆ ಬಂದಿದ್ದಳು. ತಮ್ಮನಿಗೆ ದೊಡ್ಡ ಕಾಯಿಲೆ ಎಂದೇ ಗಟ್ಟಿ ಮಾಡಿಕೊಂಡಿದ್ದಳು. ಕೂರುವ ಮೊದಲು ಚೀಲದಿಂದ ಪ್ರಸಾದದ ಪೊಟ್ಟಣ ತೆಗೆದು ಅವನ ಕೈಗಿಟ್ಟಳು. ನನ್ನ ಕಡೆ ತಿರುಗಿ, "ಯಾವ ಸ್ಟೇಜಲ್ಲಿದೆ ಮೇಡಂ? ನಮಗೆ ಮುಚ್ಚಿಡಬೇಡಿ" ಎಂದಳು.

ಹೇಳಬೇಕಾದವನು ಆತ. ಹಾಗೆಂದೇ ನಮ್ಮ ಒಪ್ಪಂದವಾಗಿತ್ತು. ಆತ ಪ್ರಸಾದದ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಅಕ್ಕಾ, ಕೂಸಿನ ಎನ್ನ ಮನೆಗೆ ಕಳಿಸಡ. ಎನ್ನ ಮನಸ್ಸು ಸರಿ ಇಲ್ಲೆ. ಮಕ್ಕಳ ವಿಷಯದಲ್ಲಿ ಸರಿ ಇಲ್ಲೆ."

"ಮಕ್ಕಳ ಕಂಡ್ರೆ ಸಿಟ್ಟು ಬತ್ತನಾ?"

"ಸಿಟ್ಟಲ್ಲ ಅಕ್ಕಾ."

ಆಕೆ ಅವನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅರ್ಥವಾದ ಗಳಿಗೆ ನನಗೆ ಕಂಡಿತು. ಆಕೆ ಸೆರಗನ್ನು ಎಳೆದುಕೊಂಡು ಎದ್ದು ನಿಂತಳು, ಕುರ್ಚಿ ಗೋಡೆಗೆ ತಾಗಿತು.

"ಎನ್ನ ಕೂಸಿಗೆ ಎಂತಾರೂ ಮಾಡಿದ್ಯನಾ?"

"ಇಲ್ಲೆ."

"ದೇವರಾಣೆಗೂ?"

"ಇಲ್ಲೆ ಅಕ್ಕಾ. ಯಾರಿಗೂ ಇಲ್ಲೆ. ಮುಂದೂ ಆಪ್ಪಲಾಗ ಹೇಳಿಯೇ ಈಗ ನಿಂಗೆ ಹೇಳ್ತೆ."

ಆಕೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಬಾಗಿಲು ತೆಗೆದು ಹೊರಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ನೀರು ಕೊಟ್ಟೆ. ಲೋಟ ತಿರುಗಿ ಕೊಡುತ್ತಾ ಕೇಳಿದಳು.

"ಇದು ಗುಣ ಆಗ್ತದಾ?"

"ಮನಸ್ಸಿನಾಗ ಬರೋದು ಪೂರ್ತಿ ಹೋಗ್ತದ ಅಂತ ಮಾತು ಕೊಡೂದಿಲ್ರಿ. ಅದು ಮನಸ್ಸು ದಾಟಿ ಹೊರಗ ಬರದಂಗ ನೋಡ್ಕೊಳ್ಳೋದು ಆಗ್ತದ. ಅದಕ್ಕ ಅವ್ರೂ ದುಡೀಬೇಕು, ನಾವೂ ಕಣ್ಣಿಡ್ಬೇಕು."

"ಆಯಿಗೆ ಗೊತ್ತಿದ್ದಾ?"

"ಇಲ್ಲ."

"ಗೊತ್ತಾಪ್ಪುದು ಬ್ಯಾಡ. ಸತ್ತೇ ಹೋಗ್ತು ಅದು." ಇಷ್ಟು ಹೇಳಿ, ಒಳಗೆ ಬಿಟ್ಟಿದ್ದ ಚೀಲವನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಚೀಲವನ್ನು ನಾನೇ ಓಡಿ ತಲುಪಿಸಿದೆ. ತಮ್ಮ ಒಳಗೇ ಕೂತಿದ್ದ.

ಮುಂದಿನ ಯಲ್ಲಾಪುರದ ಸರದಿಗೆ ಆಕೆ ಮಗಳನ್ನು ಕರೆತಂದಳು. ಮಗುವಿನ ಜೊತೆ ಯಾರಾದರೂ ತಿಳಿದವರು ಒಮ್ಮೆ ಮಾತಾಡಲೇಬೇಕು, ಅವನ ಮಾತನ್ನಷ್ಟೇ ನೆಚ್ಚಿ ಕೂರುವಂತಿಲ್ಲ ಎಂದು ವೈದ್ಯರೂ ನಾನೂ ನಿರ್ಧರಿಸಿದ್ದೆವು. ತಾಯಿಯ ಮನಸ್ಸಿನಲ್ಲೂ ಅದೇ ಇತ್ತು. ಶಾಲೆಗಳಲ್ಲಿ ಹೇಳುವ ಪಾಠದಂತೆಯೇ ಶುರುಮಾಡಿದೆ. ಹುಡುಗಿ ಚುರುಕು, ಖೋ ಖೋ ಆಟದ ಹುಚ್ಚಿನವಳು, ಶಿರಸಿಯ ಹೈಸ್ಕೂಲಿನ ತಂಡದ ಬಗ್ಗೆ ನನಗಿಂತ ಹೆಚ್ಚು ತಿಳಿದುಕೊಂಡಿದ್ದಳು. ಮಾತು ತಾನಾಗಿ ಮಾವನ ಕಡೆಗೆ ಬಂತು.

"ಮಾವಂಗೆ ನನ್ನ ಕಂಡ್ರೆ ಆಗೂದಿಲ್ಲ ಮೇಡಂ. ನಾನು ಹೋದ ಕೂಡ್ಲೆ ಎದ್ದು ಅಂಗಡಿಗೆ ಹೋಗ್ತ. ಒಂದು ಚಾಕಲೇಟೂ ತಂದು ಕೊಡೂದಿಲ್ಲ" ಎಂದು ಮುಖ ಊದಿಸಿದಳು.

ಕೇಳಬೇಕಾದ ಎಲ್ಲವನ್ನೂ ಕೇಳಿದೆ. ಅವಳಿಗೆ ಯಾರಿಂದಲೂ ಏನೂ ಆಗಿರಲಿಲ್ಲ. ಹೊರಗೆ ಕಾಯುತ್ತಿದ್ದ ತಾಯಿಗೆ ಅದನ್ನು ಹೇಳಿದಾಗ ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಹುಡುಗಿಯನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ. ಹಾಸ್ಟೆಲ್ ಜಾಗ ಇನ್ನೂ ಇದೆಯಾ ಎಂದು ವಿಚಾರಿಸಿದಳು. ಇದೆ, ಆದರೆ ನಿಮ್ಮ ತಾಯಿಗೆ, ಮನೆಯವರಿಗೆ ಏನು ಹೇಳುತ್ತೀರಿ ಎಂದೆ. "ನೋಡ್ತೇನೆ" ಎಂದಳು.

ಏನು ನೋಡಿದಳೆಂಬುದು ನನಗೆ ತಿಳಿದದ್ದು ತಮ್ಮನಿಂದ. ಶಾಲೆ ತೆರೆಯುವುದಕ್ಕೆ ಇನ್ನು ಕೆಲವೇ ದಿನವಿರುವಾಗ ಆಕೆ ಒಬ್ಬಳೇ ಶಿರಸಿಗೆ ಬಂದಳಂತೆ. ಮನೆಯೊಳಗೆ ಕಾಲಿಡಲಿಲ್ಲ. ಅಂಗಳದಲ್ಲಿ, ಓಣಿಯ ನಾಲ್ಕೂ ಮನೆಗೆ ಕೇಳುವಂತೆ ನಿಂತು, ಸತ್ತ ಅಪ್ಪ ಬಿಟ್ಟುಹೋದ ಈ ಮನೆಯ ಜಾಗದಲ್ಲಿ ತನಗೂ ಪಾಲು ಬರಬೇಕು, ತಮ್ಮ ಒಬ್ಬನೇ ನುಂಗಿ ಕೂತಿದ್ದಾನೆ, ಕೋರ್ಟಿಗೆ ಹೋಗುತ್ತೇನೆ ಎಂದು ಕೂಗಾಡಿದಳು. ಆತ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಅಕ್ಕ ಆ ಜಾಗದ ಮಾತನ್ನು ಹಿಂದೆ ಒಮ್ಮೆಯೂ ಎತ್ತಿದವಳಲ್ಲ. ತಾಯಿ ಹೊರಗೆ ಬಂದು ಕೈ ಹಿಡಿದರೆ ಕೊಡವಿಕೊಂಡಳು.

"ಕಡೀಗೆ, 'ಪಾಲು ಕೊಡೋವರೆಗೆ ಎನ್ನ ಕೂಸು ಈ ಮನೆ ಮೆಟ್ಟಿಲು ಹತ್ತತಿಲ್ಲೆ, ಹಾಸ್ಟೆಲ್ಲಲ್ಲಿ ಇರ್ತು' ಅಂತು ಮೇಡಂ" ಎಂದ ಆತ. "ಆಗ ನಂಗೆ ಗೊತ್ತಾಯ್ತು."

ನನಗೂ ಆಗಲೇ ಗೊತ್ತಾದದ್ದು, ನಮಗೆ ಸಿಗದ ಕಾರಣವನ್ನು ಆಕೆ ಹುಡುಕಿಕೊಂಡಿದ್ದಳು. ಜಾಗವಿಲ್ಲ ಎಂದಾಗ ಮಾಡು ಕಟ್ಟಿಕೊಟ್ಟ ಜನ, ಪಾಲಿನ ಜಗಳ ಕೇಳಿದೊಡನೆ ಕಿಟಕಿ ಮುಚ್ಚಿಕೊಂಡರು. ಮದುವೆಯಾಗಿ ಹೋದ ಮಗಳು ತವರಿನ ಆಸ್ತಿ ಕೇಳಿದಳೆಂದರೆ ಕಾನೂನು ಏನೇ ಹೇಳಲಿ, ನಮ್ಮ ಕಡೆ ಆಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಹುಡುಗಿ ಯಾಕೆ ಹಾಸ್ಟೆಲ್ಲಿಗೆ ಹೋದಳು, ಮಾವ ಯಾಕೆ ಹಬ್ಬಕ್ಕೆ ಹೋಗುವುದಿಲ್ಲ, ಅಕ್ಕ ತಮ್ಮ ಯಾಕೆ ಮುಖ ನೋಡುವುದಿಲ್ಲ ಎಂಬ ಎಲ್ಲದಕ್ಕೂ ಒಂದೇ ಉತ್ತರ ಸಿಕ್ಕಿಬಿಟ್ಟಿತ್ತು. ದುರಾಸೆಯವಳು ಎಂಬ ಹೆಸರು ಆಕೆಗೆ ಅಂಟಿತು. ತಮ್ಮನ ಬಗ್ಗೆ ಊರೆಲ್ಲ 'ಪಾಪ' ಎಂದಿತು. ಆ ಅನುಕಂಪವನ್ನು ಹೊರುವುದು ಆತನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಓಡಿಹೋಗಿ ನಿಜ ಹೇಳಿಬಿಡಲೇ ಎಂದು ನನ್ನನ್ನು ಕೇಳಿದ್ದುಂಟು. ಹುಡುಗಿಗೆ ಅದರಿಂದ ಏನು ಬರುತ್ತದೆ ಎಂದು ತಿರುಗಿ ಕೇಳಿದ್ದೆ.

ಆತ ಈಗಲೂ ಬರುತ್ತಾನೆ, ಅದೇ ಸಿದ್ದಾಪುರಕ್ಕೆ. ತಪ್ಪಿಸಿದರೆ ವೈದ್ಯರಿಗೆ ತಿಳಿಸುತ್ತೇನೆ ಎಂಬುದು ಆತನಿಗೆ ಗೊತ್ತಿದೆ. ಈ ತರಹದವರಿಗೆ ನೆರವಿನ ಒಂದು ಬಾಗಿಲು ಇರಬೇಕೆಂದು ನಾನೂ ವೈದ್ಯರೂ ಮೇಲಿನವರಿಗೆ ಬರೆದೆವು. ಜಿಲ್ಲಾ ಸಭೆಯೊಂದರಲ್ಲಿ ಬಾಯಿಬಿಟ್ಟು ಹೇಳಿಯೂ ನೋಡಿದೆ. ಒಬ್ಬ ಅಧಿಕಾರಿ, "ಇದನ್ನೆಲ್ಲ ನಡಾವಳಿಯಲ್ಲಿ ಬರೆಯಬೇಡಿ" ಎಂದು ಗುಮಾಸ್ತರಿಗೆ ಹೇಳಿದರು. ಸಂಘಟನೆಯ ಪರವಾಗಿ ಬಂದು ಸಭೆಯ ಮೂಲೆಯಲ್ಲಿ ಕೂತಿದ್ದ ನನ್ನ ಗೆಳತಿ ಹೊರಗೆ ಬಂದ ಮೇಲೆ, "ಹಾಂಗಾದ್ರೆ ಒಬ್ಬ ಬಂದಿದ್ದ" ಎಂದಷ್ಟೇ ಹೇಳಿ ನನ್ನ ಮುಖ ನೋಡಿದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ದಸರಾ ರಜೆಗೆ ಮಗಳನ್ನು ಶಿರಸಿಯಿಂದ ಮನೆಗೆ ಕರೆತಂದಿದ್ದ ಅಕ್ಕ, ಯಲ್ಲಾಪುರದಲ್ಲಿ ನನ್ನ ಸರದಿಯೆಂದು ತಿಳಿದು ಅವಳ ಜೊತೆ ಬಂದಳು. ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದಳು. ಆಕೆ ಇಳಿದುಹೋಗಿದ್ದಳು. ತಾಯಿ ಮಾತು ಬಿಟ್ಟಿದ್ದಾರೆ, ಗಂಡನಿಗೆ ಹೆಂಡತಿ ತವರಿನಲ್ಲಿ ಪಾಲು ಕೇಳಿದ ನಾಚಿಕೆ, ಅವರಿಗೂ ನಿಜ ಹೇಳಿಲ್ಲ ಎಂದಳು. ಹೇಳಿದರೆ ಕತ್ತಿ ಹಿಡಿದು ಹೊರಡುವ ಮನುಷ್ಯ.

"ಅವ ಬರ್ತಾನಾ ನಿಮ್ಮತ್ರ?"

"ಬರ್ತಾರ."

"ಗುಳಿಗೆ?"

"ತಗೊಳ್ತಾರ."

ಆಕೆ ತಲೆಯಾಡಿಸಿದಳು. ಇಷ್ಟು ಮಾಡಿದ ಆಕೆಯ ಬಗ್ಗೆ ನನ್ನ ಎದೆ ತುಂಬಿ ಬಂದಿತ್ತು. ಅವನನ್ನು ಕ್ಷಮಿಸಿ ದೊಡ್ಡ ಮನಸ್ಸು ಮಾಡಿದಿರಿ ಎಂದೇನೋ ಅಂದೆ. ಆಕೆ ಅಲ್ಲಿಗೇ ನನ್ನನ್ನು ತಡೆದಳು.

"ಕ್ಷಮಿಸಿದ್ದೇನೆ ಅಂತ ತಿಳ್ಕೊಬೇಡಿ ಮೇಡಂ. ಅವನ ಹೆಸರು ಯಾರಾದ್ರೂ ಎತ್ತಿದ್ರೆ ಇವತ್ತಿಗೂ ಎದ್ದು ಹೊರಗೆ ಹೋಗ್ತೇನೆ." ಬಾಗಿಲ ಸಂದಿಯಿಂದ ಮಗಳ ಕಾಲು ಕಾಣುತ್ತಿತ್ತು, ಬೆಂಚಿನಿಂದ ಇಳಿಬಿಟ್ಟು ಆಡಿಸುತ್ತಿದ್ದಳು. ತಾಯಿ ಅದನ್ನೇ ನೋಡುತ್ತಿದ್ದಳು. "ಆದ್ರೆ ಅವ ಬಾಯ್ಬಿಟ್ಟು ಹೇಳಿದ. ಹೇಳ್ದೇ ಹೋಗಿದ್ರೆ, ಇವಳ ಚೀಲ ಹೊತ್ಕೊಂಡು ಹೋಗಿ ಆ ಮನೇಲಿ ಬಿಟ್ಟು ಬರೋಳು ನಾನೇ ಆಗಿದ್ದೆ. ಮಾವನ ಮಾತು ಕೇಳು, ಅವ ಹೇಳ್ದಂಗೆ ಇರು ಅಂತ ಬುದ್ಧಿನೂ ಹೇಳಿ ಬರ್ತಿದ್ದೆ."